ಗೆದ್ದ ವೈರಸ್, ಸೋಲಬಾರದ ಹೃದಯ

ಎಚ್‌ಐವಿ ಇದ್ದವರು ಹೃದಯಾಘಾತದಿಂದ ತೀರಿಕೊಂಡರೆಂದರೆ ಊರು ನಂಬುವುದಿಲ್ಲ. ‘ಆ ಕಾಯಿಲೆಯೇ ಇರಬೇಕು’ ಎಂದು ಪಿಸುಗುಡುತ್ತದೆ. ಎದೆಯ ಕಾಯಿಲೆ ಬರುವಷ್ಟು ಕಾಲ ಅವರು ಬಾಳುತ್ತಾರೆಂದು ಹಿಂದೆ ಯಾರೂ ಎಣಿಸಿರಲಿಲ್ಲ.

ಭಾರತದಲ್ಲಿ ಸರ್ಕಾರ ಎಆರ್‌ಟಿ ಮಾತ್ರೆಗಳನ್ನು ಉಚಿತವಾಗಿ ಕೊಡತೊಡಗಿದ್ದು 2004ರ ಏಪ್ರಿಲ್‌ನಲ್ಲಿ. ಅಂದು ಮೂವತ್ತರ ಪ್ರಾಯದಲ್ಲಿ ಮಾತ್ರೆ ಶುರು ಮಾಡಿ, ತಪ್ಪದೆ ನುಂಗುತ್ತ ಬಂದವರು ಈಗ ಐವತ್ತು ದಾಟಿದ್ದಾರೆ. ಮೊಮ್ಮಕ್ಕಳನ್ನು ಎತ್ತಿ ಆಡಿಸುತ್ತಿದ್ದಾರೆ. ಆದರೆ ಮೆಟ್ಟಿಲು ಹತ್ತುವಾಗ ಎದೆ ಹಿಡಿದರೆ ‘ಗ್ಯಾಸು’ ಎಂದು ಸೋಡಾ ಕುಡಿದು ಮಲಗುತ್ತಾರೆ.

ರಕ್ತನಾಳದ ಒಳಗೋಡೆಗೆ ಒಂದೇ ಜೀವಕೋಶದಷ್ಟು ದಪ್ಪದ ನುಣುಪಾದ ಪದರವಿದೆ. ಅದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಹೊರಸೂಸಿ ನಾಳವನ್ನು ಸಡಿಲವಾಗಿಡುತ್ತದೆ. ಮಾತ್ರೆಯಿಂದ ವೈರಸ್ ಅಡಗಿದರೂ ಪೂರ್ತಿ ಅಳಿಯುವುದಿಲ್ಲ. ದೇಹದ ಕಾವಲುಪಡೆ ಸದಾ ಎಚ್ಚರದಲ್ಲೇ ಇರುತ್ತದೆ. ಬೂದಿ ಮುಚ್ಚಿದ ಕೆಂಡದಂಥ ಈ ಉರಿಯೂತ ಒಳಪದರವನ್ನು ಕೆಡಿಸುತ್ತದೆ. ಅಲ್ಲಿ ಕೊಬ್ಬು ಕೂರುತ್ತದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಎಚ್‌ಐವಿ ಇದ್ದವರಿಗೆ ಹೃದಯ ಮತ್ತು ರಕ್ತನಾಳದ ಕಾಯಿಲೆಯ ಅಪಾಯ ಇತರರಿಗಿಂತ ಸುಮಾರು ಎರಡು ಪಟ್ಟು. ಬೀಡಿ, ಬಿಪಿ, ಸಕ್ಕರೆ ಕಾಯಿಲೆ ಸೇರಿದರೆ ಕೇಳುವುದೇ ಬೇಡ.

ಹಾಗಾದರೆ ಮಾತ್ರೆಯೇ ಎದೆಗೆ ಕೆಟ್ಟದ್ದೇ? ಹಳೆಯ ಕೆಲವು ಔಷಧಿಗಳು ರಕ್ತದ ಕೊಬ್ಬನ್ನು ಏರಿಸುತ್ತಿದ್ದುದು ನಿಜ. ಆದರೆ 2006ರಲ್ಲಿ ಪ್ರಕಟವಾದ ‘ಸ್ಮಾರ್ಟ್’ ಅಧ್ಯಯನ ಇನ್ನೊಂದು ಮುಖ ತೋರಿಸಿತು. ಔಷಧಿಯನ್ನು ನಡುನಡುವೆ ನಿಲ್ಲಿಸಿದವರಲ್ಲೇ ಸಾವು ಹೆಚ್ಚು, ಹೃದಯದ ತೊಂದರೆಯೂ ಹೆಚ್ಚು. ಮಾತ್ರೆ ಬಿಡುವುದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ.

2023ರಲ್ಲಿ ಆಶಾದಾಯಕ ಸುದ್ದಿ ಬಂತು. ಭಾರತವೂ ಸೇರಿದಂತೆ ಹಲವು ದೇಶಗಳ 7,769 ಮಂದಿಯ ಮೇಲೆ ‘ರಿಪ್ರೀವ್’ ಎಂಬ ಪ್ರಯೋಗ ನಡೆದಿತ್ತು. ಎಲ್ಲರೂ 40ರಿಂದ 75ರ ವಯಸ್ಸಿನವರು, ಎಆರ್‌ಟಿ ಪಡೆಯುತ್ತಿದ್ದವರು. ಪಿಟಾವಸ್ಟಾಟಿನ್ ಎಂಬ ಕೊಲೆಸ್ಟರಾಲ್ ಮಾತ್ರೆಯನ್ನು ದಿನವೂ ಸೇವಿಸಿದವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ಗಂಡಾಂತರಗಳು ಶೇ 35ರಷ್ಟು ಕಡಿಮೆಯಾದವು.

ಇಷ್ಟಿದ್ದೂ ಒಂದು ಅಡ್ಡಗೋಡೆ ಉಳಿದಿದೆ. ಹೃದಯದ ವೈದ್ಯರ ಮುಂದೆ ಕುಳಿತವರು ನಾಚಿಕೆಯಿಂದ, ಭಯದಿಂದ ಎಆರ್‌ಟಿ ವಿಷಯವನ್ನೇ ಬಚ್ಚಿಡುತ್ತಾರೆ. ರಿಟೋನವಿರ್ ಇರುವ ಔಷಧಿಯ ಜೊತೆ ಸಿಮ್ವಸ್ಟಾಟಿನ್ ಕೂಡಿಕೊಂಡರೆ ಸ್ನಾಯುಗಳಿಗೇ ಅಪಾಯ. ತಿಳಿಯದ ವೈದ್ಯರು ಅದನ್ನೇ ಬರೆದುಕೊಟ್ಟರೆ ಯಾರನ್ನು ದೂರುವುದು? ಗುಟ್ಟು ವೈದ್ಯರ ಬಳಿಯಾದರೂ ಬಿಚ್ಚಬೇಕು. ರೋಗಿ ಹಾಗೆ ಬಿಚ್ಚಿದಾಗ ಮುಖ ಸಿಂಡರಿಸದಿರುವುದು ವೈದ್ಯರ ಧರ್ಮ. ಪಿಸುಗುಡದಿರುವುದು ಊರಿನ ಧರ್ಮ.