ಅಜ್ಜಿಗೆ ಕಲರ್ ಬರಲ್ಲ

ಕ್ಲಿಂಗಾನ್ ಅಂತ ಒಂದು ಭಾಷೆ ಇದೆ. ಯಾವ ಊರಿನ ಭಾಷೆಯೂ ಅಲ್ಲ :-) ಸ್ಟಾರ್ ಟ್ರೆಕ್ ಸಿನಿಮಾದ ಯೋಧರಿಗೋಸ್ಕರ ಮಾರ್ಕ್ ಓಕ್ರ್ಯಾಂಡ್ ಅನ್ನೋ ಭಾಷಾವಿಜ್ಞಾನಿ ಕಟ್ಟಿದ್ದು. ನಿಘಂಟು 1985ರಲ್ಲಿ ಬಂತು. ಅದರಲ್ಲಿ ಬಣ್ಣಕ್ಕೆ ಮುಖ್ಯವಾಗಿ ನಾಲ್ಕೇ ಪದ. ಕಪ್ಪಿಗೊಂದು, ಬಿಳಿಗೊಂದು. ಕೆಂಪು, ಕಿತ್ತಳೆ ಎರಡಕ್ಕೂ ‘ಡೋಕ್’. ಹಸಿರು, ನೀಲಿ, ಹಳದಿ ಮೂರಕ್ಕೂ ‘ಷುಡ್’. (ಈ ಡ, ಷ ನಮ್ಮವೇ, ನಾಲಿಗೆ ಮಡಿಚಿ ಹೇಳಬೇಕು. ಇಂಗ್ಲಿಷಿನವರು ಒದ್ದಾಡ್ತಾರೆ, ನಮಗೆ ಸಲೀಸು!) ಇನ್ನೊಂದು ವಿಶೇಷ, ಅಲ್ಲಿ ಬಣ್ಣಗಳೆಲ್ಲ ಕ್ರಿಯಾಪದ. ‘ಕೆಂಪು’ ಅಂತಿಲ್ಲ, ‘ಕೆಂಪಗಿರು’ ಅಂತಿದೆ.

ನಗು ಬಂತಾ? ನಮ್ಮ ಹೊಸಪೇಟೆ ಕಡೆ ಕೇಳಿ. ಸಂಡೂರಿನ ಮಣ್ಣು ಕೆಂಪು. ಮಳೆಗಾಲದಲ್ಲಿ ತುಂಗಭದ್ರೆಗೆ ಬರೋ ಹೊಸ ನೀರೂ ಕೆಂಪು. ಕಂದು ಹಸು ‘ಕೆಂದ’. ಉಳ್ಳಾಗಡ್ಡಿ ಕೆಂಪಗೆ ಹುರೀಬೇಕು. ಹೆಣ್ಣು ನೋಡಿ ಬಂದವರು “ಹುಡುಗಿ ಕೆಂಪಗದಾಳ” ಅಂದರೆ ಬೆಳ್ಳಗಿದ್ದಾಳೆ ಅಂತ ಅರ್ಥ! ಈ ಕೆಂಪು ಇಂದು ನಿನ್ನೆಯದಲ್ಲ. ಪಟ್ಟದಕಲ್ಲಿಗೆ ಕಿಸುವೊಳಲ್ ಅಂತ ಹಳೆಯ ಹೆಸರು, ಕೆಂಪು ಊರು ಅಂತ.

ಬರ್ಲಿನ್ ಮತ್ತು ಕೇ ಅನ್ನೋ ಇಬ್ಬರು 1969ರಲ್ಲಿ ಒಂದು ಪುಸ್ತಕ ಬರೆದರು. ಭಾಷೆಗಳಲ್ಲಿ ಮೊದಲು ಕಪ್ಪು-ಬಿಳಿ, ಆಮೇಲೆ ಕೆಂಪು, ಆಮೇಲೆ ಹಸಿರೋ ಹಳದಿಯೋ, ನೀಲಿ ಇನ್ನೂ ತಡವಾಗಿ ಹುಟ್ಟುತ್ತೆ ಅಂತ ಅವರ ವಾದ. ಇದಕ್ಕೆ ತಕರಾರು ಬೇಕಾದಷ್ಟು ಬಂದಿವೆ. ಆದರೂ ನಮ್ಮ ಕಪ್ಪು, ಬಿಳಿ, ಕೆಂಪು, ಹಸಿರು ಅಚ್ಚಗನ್ನಡ, ನೀಲಿ ಮಾತ್ರ ಸಂಸ್ಕೃತದಿಂದ ಬಂದಿದ್ದು ಅನ್ನೋದು ನೆನಪಾಗಿ ಖುಷಿಯಾಯ್ತು. ಹಸಿರು ಅಂದರೂ ಮೂಲದಲ್ಲಿ ಹಸಿಯಾಗಿರೋದು ತಾನೇ.

ಇಷ್ಟೆಲ್ಲ ಯಾಕೆ ಹೇಳ್ತಿದೀನಿ ಅಂದರೆ, ನನ್ನ ಮಗಳು ಈಗ ಎರಡನೇ ಕ್ಲಾಸು, ಇಂಗ್ಲಿಷ್ ಮೀಡಿಯಮ್ಮು. ನಮ್ಮವ್ವ ಕಂಪ್ಲಿಯವಳು. ಬೀದಿ ನಾಯಿ ತೋರಿಸಿ ಅವ್ವ “ಆ ಕೆಂಪು ನಾಯಿ ನೋಡವ್ವಾ” ಅಂದರೆ ಇವಳು “ಅಜ್ಜೀ, ಅದು ಬ್ರೌನ್. ನಿಂಗೆ ಕಲರೇ ಬರಲ್ಲ” ಅಂತಾಳೆ. ನೇವಿ ಬ್ಲೂ ಸೀರೆಗೆ ಅವ್ವ ಕರಿ ಸೀರಿ ಅಂದಾಗಲೂ ಅಷ್ಟೇ. ಮೊದಮೊದಲು ಎಲ್ಲರೂ ನಕ್ಕೆವು, ಅವ್ವನೂ ನಕ್ಕಳು. ಈಗೀಗ ಮೊಮ್ಮಗಳ ಮುಂದೆ ಅವ್ವ ಬಣ್ಣದ ಹೆಸರು ಹೇಳೋದನ್ನೇ ಬಿಟ್ಟಿದ್ದಾಳೆ. “ಆ ನಾಯಿ” ಅಂತಾಳೆ, ಅಷ್ಟೇ. ನನಗಿದು ಚುಚ್ಚುತ್ತೆ.

ಬಣ್ಣ ಬರದವಳಾ ಅವಳು? ಹೊಲದ ಬದುವಿನ ಮೇಲೆ ನಿಂತು ಇದು ಎರೆ, ಇದು ಮಸಾರಿ ಅಂತಾಳೆ. ಒಂದು ಕರಿ ಮಣ್ಣು, ಒಂದು ಕೆಂಪು. ಬಣ್ಣದ ಜೊತೆಗೇ ಯಾವುದು ನೀರು ಹಿಡಿಯುತ್ತೆ, ಎಲ್ಲಿ ಹತ್ತಿ ಹಾಕಬೇಕು, ಎಲ್ಲಿ ಶೇಂಗಾ, ಎಲ್ಲ ಆ ಒಂದೊಂದು ಪದದಲ್ಲೇ ಇದೆ. ಬ್ರೌನ್ ಅನ್ನೋದರಲ್ಲಿ ಏನಿದೆ? ಮಗು ಬಿಸಿಲಲ್ಲಿ ಆಡಿ ಬಂದರೆ “ಮುಖ ಕಂದೈತಿ” ಅಂತಾಳೆ. ಪಠ್ಯಪುಸ್ತಕದವರು ಬ್ರೌನಿಗೆ ಕೊಟ್ಟಿರೋ ಕಂದು ಇದೇ ನೋಡಿ, ಕ್ರಿಯಾಪದ, ಕ್ಲಿಂಗಾನಿನ ಹಾಗೆ!

ಹೋದ ಭಾನುವಾರ ಹಂಪಿಗೆ ಹೋಗಿದ್ವಿ. ಸಂಜೆ ಹೇಮಕೂಟದ ಮೇಲೆ ಕೂತಾಗ ಮಗಳು ಬಂಡೆ ಆರೆಂಜಾ, ಪಿಂಕಾ ಅಂತ ನನ್ನನ್ನು ಕೇಳಿದಳು. ಅಜ್ಜಿನ ಕೇಳು ಅಂದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು “ಕೆಂಪೇರೈತಿ” ಅಂದಳು. ಮಗಳು ತಿದ್ದಲಿಲ್ಲ, “ಏರೋದು ಅಂದ್ರೆ?” ಅಂದಳು. ಅವ್ವ ಹೇಳೋಕೆ ಶುರು ಮಾಡಿದಳು, ನಾನು ಎದ್ದು ಶೇಂಗಾ ತರೋಕೆ ಹೋದೆ.

ನಿಮ್ಮ ಕಡೆ ದನಕ್ಕೆ, ಮಣ್ಣಿಗೆ ಇಂಥ ಬಣ್ಣದ ಮಾತು ಏನೇನಿವೆ? ಅವ್ವನಿಗೆ ಓದಿ ಹೇಳ್ತೀನಿ, ಬರೀರಿ.