ಶೆಡ್ ಡೈರಿ, ಭಾಗ 4: ಟೇಬಲ್ ನೀರು ಎಲ್ಲಿಗೆ ಹೋಗ್ತದ?

ಹೋದ ಭಾಗ ಓದಿ ಭಾಳ ಮಂದಿ ಕೇಳಿದ್ದು ಒಂದ ಪ್ರಶ್ನೆ: ಬೆಂಕಿ ಹಾರೋ ಮಷಿನ್ ಕೆಳಗ ನೀರು ಯಾಕ?

ಮೊದಲನೇ ಫೋಟೊ ನೋಡ್ರಿ. ಇದು ಹುನ್ನೂರಿನ ನಮ್ಮ ಮಾಮಾನ ಶೆಡ್‌ನ ಪ್ಲಾಸ್ಮಾ ಟೇಬಲ್. ಕಬ್ಬಿನ ಟ್ರೇಲರ್‌ಗೆ ಬೇಕಾದ ಪ್ಲೇಟು, ಪಟ್ಟಿ ಎಲ್ಲಾ ಇಲ್ಲೇ ಕಟ್ ಆಗ್ತಾವ. ಪ್ಲಾಸ್ಮಾ ಅಂದ್ರ ಕರೆಂಟ್ ಹಾದು 20,000 ಡಿಗ್ರಿ ಹತ್ತಿರ ಕಾದ ಗಾಳಿ. ಅದು ಕಬ್ಬಿಣ ಕರಗಿಸಿ ಕೆಳಗ ಊದ್ತದ. ಆ ಹನಿ, ಹೊಗಿ, ಸಣ್ಣ ಧೂಳು ನೀರಿಗೆ ಬಿದ್ರ ಬಹುಪಾಲು ಅಲ್ಲೇ ಉಳೀತದ. ಇಲ್ಲಾಂದ್ರ ನಮ್ಮ ಎದಿಗೆ.

ಟೇಬಲ್ 5 ಅಡಿಗೆ 10 ಅಡಿ, ನೀರು ಅರ್ಧ ಅಡಿ. ಅಂದ್ರ 25 ಘನ ಅಡಿ, ಸುಮಾರು 700 ಲೀಟರ್. ಮಳಿಗಾಲದಾಗ ಇದೇನು ಲೆಕ್ಕಕ್ಕಿಲ್ಲ. ಆದ್ರ ಬ್ಯಾಸಗ್ಯಾಗ ಕೃಷ್ಣಾ ಬತ್ತಿದ್ರ ಕೊಯ್ನಾದಿಂದ ನೀರು ಬಿಡ್ರಿ ಅಂತ ಮಹಾರಾಷ್ಟ್ರಕ್ಕ ಕೇಳೋ ಸೀಮಿ ನಮ್ಮದು. ಅದಕ್ಕ ಮಾಮಾ ನೀರು ಬದಲಿ ಮಾಡೋದ ಇಲ್ಲ, ಕಡಿಮಿ ಆದಷ್ಟು ಬೋರಿನ ನೀರು ಸುರೀತಿದ್ದ. ನೀರು ಆವಿ ಆಗ್ತದ, ಅದರೊಳಗಿನ ಉಪ್ಪು ಆಗೂದಿಲ್ಲ. ಸುರಿದಷ್ಟೂ ಉಪ್ಪು ಹೆಚ್ಚು, ತುಕ್ಕೂ ಹೆಚ್ಚು. ಕೆಲಸ ಇಲ್ಲದ ವಾರ ಬಂತಂದ್ರ ಕೊಳೆತ ತತ್ತಿ ವಾಸನಿ ಬ್ಯಾರೆ! ಬ್ಲೀಚಿಂಗ್ ಪೌಡರ್ ಹಾಕ್ರಿ ಅಂತ ಒಬ್ಬರು ಹೇಳಿದ್ರು. ಕ್ಲೋರಿನ್‌ನಿಂದ ತುಕ್ಕು ಇನ್ನೂ ಜೋರಾಗ್ತದ. ನಾವು ಕಂಪ್ರೆಸರ್ ಪೈಪ್ ಇಳಿಸಿ ಗಾಳಿ ಬಿಟ್ವಿ, ತಳದ ರಾಡಿ ತೆಗೆದ್ವಿ, ವಾಸನಿ ಹೋತು.

ಎರಡನೇ ಫೋಟೊದಾಗ ಇರೋದು ನಮ್ಮ ಫಿಲ್ಟರ್. ನಗಬ್ಯಾಡ್ರಿ, ಅಜ್ಜನ ಹಳೇ ಧೋತರ, ನಾಲ್ಕು ಮಡಿಕಿ. ಶನಿವಾರ ರಾತ್ರಿ ಮಷಿನ್ ಬಂದ್ ಮಾಡಿ ನೀರನ್ನ ಅಲುಗಾಡಿಸದ ಬಿಡೋದು. ರವಿವಾರ ಮುಂಜಾನೆ ಪಂಪಿನ ಪೈಪನ್ನ ತಳದಿಂದ ತುಸು ಮ್ಯಾಲೆ ಹಿಡಿದು ತಿಳಿ ನೀರಷ್ಟ ಎಳೆಯೋದು. ಧೋತರದಾಗ ಒಂದು ದೊಡ್ಡ ಮ್ಯಾಗ್ನೆಟ್ ಇಟ್ರ ಕಪ್ಪು ಪುಡಿ ಗಡ್ಡದ ಹಾಂಗ ಅಂಟಿಕೊಳ್ತದ. 200 ಲೀಟರಿನ ಮೂರು ಬ್ಯಾರಲ್ ತುಂಬ್ತಾವ. ಉಳಿದ ರಾಡಿ ಸಲಿಕಿಲೆ ಎತ್ತಬೇಕು. ಆಮ್ಯಾಲೆ ಅದೇ ನೀರು ವಾಪಸ್ ಟೇಬಲ್‌ಗೆ, ತುಕ್ಕು ತಡಿಯೋ ಔಷಧದ ಜೊತಿ.

ಬಾಜೂ ಹೊಲದ ಕಾಕಾ ಆ ಬ್ಯಾರಲ್ ನೋಡಿದ್ರು. "ಇಷ್ಟ ತಿಳಿ ಐತಿ, ನನ್ನ ಕಬ್ಬಿಗೆ ಬಿಡ್ರಿ" ಅಂದ್ರು. ಬೋರು ಬತ್ತಿದವರು ನೀರು ಕೇಳಿದಾಗ ಇಲ್ಲ ಅನ್ನೋದು ಹ್ಯಾಂಗ? ಮಾಮಾ ಹೂಂ ಅಂದುಬಿಟ್ಟಿದ್ದ. ನಾನು ಬ್ಯಾಡ ಅಂದೆ.

ಕಾರಣ ಇತ್ತು. ಹಿಂದಿನ ವಾರ ಆಲೆಮನೆಯ ಕಡಾಯಿಗೆ 304 ಸ್ಟೀಲ್ ಕಟ್ ಮಾಡಿದ್ವಿ. ಅದರಾಗ ಕ್ರೋಮಿಯಂ ಶೇ. 18. ಪ್ಲಾಸ್ಮಾ ಶಾಖಕ್ಕ ಅದರ ಒಂದು ಪಾಲು ಹೆಕ್ಸಾವ್ಯಾಲೆಂಟ್ ಕ್ರೋಮಿಯಂ ಆಗ್ತದ, ಕ್ಯಾನ್ಸರ್ ತರೋವಂಥದ್ದು. ಅದು ನೀರಿನ್ಯಾಗ ಕರಗ್ತದ, ಧೋತರಕ್ಕ ಸಿಗೂದಿಲ್ಲ. ಕಣ್ಣಿಗೆ ತಿಳಿ ಕಾಣೋದಕ್ಕೂ ಹೊಲಕ್ಕ ಬಿಡೋದಕ್ಕೂ ಸಂಬಂಧ ಇಲ್ಲ. ಕಾಕಾನ ಎಮ್ಮಿ ಅದೇ ಕಾಲುವ್ಯಾಗ ನೀರು ಕುಡೀತಾವ. ಇದನ್ನೆಲ್ಲಾ ಹೇಳಿದ್ರ ಕಾಕಾ, "ಕೊಡೂದಿಲ್ಲ ಅಂದ್ರ ಕೊಡೂದಿಲ್ಲ ಅನ್ನು, ಸೈನ್ಸ್ ಯಾಕ ಹೇಳ್ತಿ" ಅಂತ ಸಿಟ್ಟಾಗಿ ಹ್ವಾದ್ರು. ಎರಡು ದಿನ ಮಾತಿಲ್ಲ. ಈಗ ಬೋರಿನ ನೀರ ಎರಡು ಬ್ಯಾರಲ್ ಮಾಮಾ ಕಳಿಸ್ತಾನ, ಚಾ ಕುಡಿಯಾಕ ಬರ್ತಾರ.

(ಅಲ್ಯೂಮಿನಿಯಂ ಕಟ್ ಮಾಡ್ತೀರೇನು ಅಂತ ಕೇಳಿದವರಿಗೆ: ಇಲ್ಲ. ನೀರಿನ್ಯಾಗ ಅದು ಹೈಡ್ರೋಜನ್ ಬಿಡ್ತದ. ಪ್ಲೇಟ್ ಕೆಳಗ ಅದು ಕೂಡಿ ಕಿಡಿ ತಾಗಿದ್ರ ಸ್ಫೋಟ.)

ಇನ್ನು ರಾಡಿ. ಸ್ಟೀಲ್ ಕಟ್ ಮಾಡಿದ್ದನ್ನ ಬ್ಯಾರೆ ಡ್ರಮ್‌ನ್ಯಾಗ ಮುಚ್ಚಿ ಇಟ್ಟೀವಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮ ಇಂಥಾದ್ದಕ್ಕ ಅದ, ಪರವಾನಗಿ ಇದ್ದವರ ಕೈಗೇ ಕೊಡಬೇಕು. ಕಾಸ್ಟಿಂಗ್ ಕ್ಲಾಸಿನ್ಯಾಗ ನಾವು ಸ್ಕ್ರ್ಯಾಪನ್ನ ಯಾವಾಗಲೂ ಮಾರಿ ರೊಕ್ಕ ಬರೋದಂತ ಬರೀತೀವಿ. ಈ ಡ್ರಮ್ ಹೋಗಾಕ ನಾವ ರೊಕ್ಕ ಕೊಡಬೇಕು. ಅದನ್ನ ಸ್ಟೀಲ್ ಕಟಿಂಗ್ ರೇಟಿಗೆ ಸೇರಿಸ್ರಿ ಅಂತ ಮಾಮಾನ ಮುಂದ ಲೆಕ್ಕ ಇಟ್ಟೀನಿ. "ಗಿರಾಕಿ ಓಡಿ ಹೋಗ್ತಾರಲೇ" ಅಂತಾನ. ಡ್ರಮ್ ಅರ್ಧ ತುಂಬೈತಿ.

ಭಾಗ 5: ನಾಝಲ್ ಖರ್ಚು.

#ಹುನ್ನೂರ #ಜಮಖಂಡಿ #ಶೆಡ್‌ಡೈರಿ