ಹಳೇ ಹೊಲಿಗೆ ಯಂತ್ರಕ್ಕೆ ಮೋಟಾರು

ಕಾಲಲ್ಲಿ ತುಳಿಯುವ ಹಳೇ ಉಷಾ, ಸಿಂಗರ್ ಯಂತ್ರಗಳಿಗೆ ಮೋಟಾರು ಕೂರಿಸುವುದು ದೊಡ್ಡ ಕೆಲಸವೇನಲ್ಲ. ಹಲವು ಯಂತ್ರಗಳ ಹಿಂಬದಿಯಲ್ಲಿ, ಗಾಲಿಯ ಪಕ್ಕದಲ್ಲೇ, ಇದಕ್ಕೆಂದು ಬೋಲ್ಟಿನ ತೂತಿರುತ್ತದೆ. ತೀರಾ ಹಳೆಯವುಗಳಲ್ಲಿ ಇರುವುದಿಲ್ಲ. ಅವಕ್ಕೆ ಬೇರೆ ಬ್ರಾಕೆಟ್ ಬೇಕು.

ಮೊದಲು ಪರೀಕ್ಷಿಸಬೇಕಾದದ್ದು ಮೋಟಾರನ್ನಲ್ಲ, ಯಂತ್ರವನ್ನು. ಗಾಲಿ ಕೈಯಲ್ಲಿ ಸಲೀಸಾಗಿ ತಿರುಗದಿದ್ದರೆ ಒಳಗೆ ಹಳೇ ಎಣ್ಣೆ ಅಂಟುಗಟ್ಟಿರುವ ಸಾಧ್ಯತೆಯೇ ಹೆಚ್ಚು. ಸೀಮೆಎಣ್ಣೆ ಬಿಟ್ಟು ಜಿಡ್ಡು ಕರಗಿಸಿ, ಒರೆಸಿ, ಮಷಿನ್ ಎಣ್ಣೆ ಹಾಕಬೇಕು. ಈ ಕೆಲಸ ಬಿಟ್ಟು ಮೋಟಾರು ಹಚ್ಚಿದರೆ ಹೊಸ ಮೋಟಾರೇ ಸುಟ್ಟೀತು.

ಬೆಲ್ಟನ್ನು ತಂತಿಯಂತೆ ಬಿಗಿದು ಕಟ್ಟುವವರೇ ಹೆಚ್ಚು. ನಡುವೆ ಬೆರಳಿಟ್ಟು ಒತ್ತಿದರೆ ಅದು ಸುಮಾರು ಅರ್ಧ ಇಂಚು ಬಾಗಬೇಕು. ಇಲ್ಲದಿದ್ದರೆ ಮೋಟಾರು ಕಾಯುತ್ತದೆ, ಬುಷ್ ಸವೆಯುತ್ತದೆ. ಮೋಟಾರಿನ ಪುಲ್ಲಿ ಚಿಕ್ಕದು, ಗಾಲಿ ದೊಡ್ಡದು. ಹಾಗಾಗಿ ವೇಗ ತಗ್ಗಿ ಬಲ ಹೆಚ್ಚುತ್ತದೆ, ದಪ್ಪ ಬಟ್ಟೆಯ ಮಡಿಕೆಗೂ ಸೂಜಿ ಇಳಿಯುತ್ತದೆ. ಗಾಲಿಯ ಮೇಲ್ಭಾಗ ಹೊಲಿಯುವವರ ಕಡೆಗೇ ತಿರುಗಬೇಕು. ಉಲ್ಟಾ ತಿರುಗಿದರೆ ಕೆಳಗೆ ದಾರ ಸಿಕ್ಕುಗಟ್ಟುತ್ತದೆ.

ಯಂತ್ರದ ಮೈ ಎರಕದ ಕಬ್ಬಿಣದ್ದು. ವೈರು ಸುಲಿದರೆ ಶಾಕ್ ಹೊಡೆಯುವುದರಿಂದ ಮೂರು ಪಿನ್ನಿನ ಪ್ಲಗ್ಗು, ಸರಿಯಾದ ಅರ್ಥಿಂಗ್ ಇರಲೇಬೇಕು. ಅಗ್ಗದ ಪೆಡಲುಗಳದ್ದು ಇನ್ನೊಂದು ಕಾಟ: ಮೆಲ್ಲಗೆ ಒತ್ತಿದರೂ ಯಂತ್ರ ಒಮ್ಮೆಲೇ ಓಡಿಬಿಡುತ್ತದೆ. ಕಾಲರಿನ ಮೂಲೆಯಲ್ಲಿ ಒಂದೊಂದೇ ಹೊಲಿಗೆ ಹಾಕಲು ಕೈಯಲ್ಲಿ ಗಾಲಿ ತಿರುಗಿಸುವುದೇ ಲೇಸು. ತುಳಿಯುವ ಪಟ್ಟಿಯನ್ನೂ ಚರ್ಮದ ಬೆಲ್ಟನ್ನೂ ಎಸೆಯಬೇಕಿಲ್ಲ; ಕರೆಂಟು ಹೋದಾಗ ಮೋಟಾರಿನ ಬೆಲ್ಟು ಕಳಚಿ ಚರ್ಮದ್ದನ್ನೇ ಹಾಕಿಕೊಳ್ಳಬಹುದು.